ಹನ್ನೆರಡನೆಯ ಪೆಟ್ಟು

ಮೊದಲೇ ಹೇಳಿಬಿಡುತ್ತೇನೆ. ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಮಾತೆತ್ತಿದರೆ ನಗುವವರ ಸಾಲಿನಲ್ಲಿ ನಾನೇ ಮೊದಲು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತ ಕಲಿಸುತ್ತ ಅದೊಂದು ಸೊಕ್ಕಾಗಿಯೇ ಬೆಳೆದಿತ್ತು. ಎದುರಿಗಿದ್ದವರು ಇಂಥ ಕತೆ ಶುರು ಮಾಡಿದರೆ, ಎಷ್ಟು ಗಂಟೆಗೆ, ಎಷ್ಟು ದೂರದಲ್ಲಿ, ದೀಪ ಇತ್ತೋ ಇಲ್ಲವೋ ಎಂದು ಕೇಳಿ ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಇಂಥವೆಲ್ಲ ರಾತ್ರಿಯೇ ಯಾಕೆ ಆಗುತ್ತವೆ ಎಂಬುದು ನನ್ನ ಖಾಯಂ ಪ್ರಶ್ನೆ. ನನಗೆ ಆದದ್ದು ನಡುಹಗಲಿನಲ್ಲಿ, ಸುಡುಬಿಸಿಲಿನಲ್ಲಿ, ಹತ್ತು ಜನರ ಕಣ್ಣೆದುರು. ಕತ್ತಲಿನ ಮೇಲೆ ತಪ್ಪು ಹೊರಿಸೋಣವೆಂದರೆ ಅದೂ ಆಗುವಂತಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಆಗ ನಾನು ಗಂಗಾವತಿಯಲ್ಲಿ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿದ್ದೆ. ನನ್ನವರಿಗೆ ಕಾಲುವೆ ಆಫೀಸಿನಲ್ಲಿ ಗುಮಾಸ್ತಿಕೆ. ಮದುವೆಯಾಗಿ ಏಳು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕುಷ್ಟಗಿಯಲ್ಲಿದ್ದ ಅತ್ತೆ ಹೊರದ ಹರಕೆಯಿಲ್ಲ. ಅವರು ಬಸ್ಸಿಗೆ ಬಂದವರ ಕೈಯಲ್ಲಿ ಕಳಿಸುತ್ತಿದ್ದ ದಾರ, ಭಸ್ಮ, ತಾಯಿತಗಳನ್ನು ನಾನು ಟ್ರಂಕಿನ ತಳದಲ್ಲಿ ಹಾಕಿಡುತ್ತಿದ್ದೆ. ಹಾಗೆಂದು ನನಗೆ ಮಗು ಬೇಡವಾಗಿತ್ತು ಎಂದಲ್ಲ. ಬೇಕಾಗಿತ್ತು, ಬಹಳ ಬೇಕಾಗಿತ್ತು. ಕ್ಲಾಸಿನಲ್ಲಿ ಮುಂದಿನ ಸಾಲಿನ ಹುಡುಗಿಯ ಜಡೆಯನ್ನು ಯಾರೋ ಒಪ್ಪವಾಗಿ ಹೆಣೆದು ಕಳಿಸಿದ್ದು ಕಂಡರೆ ಬೋರ್ಡಿನ ಕಡೆ ತಿರುಗಿ ನಿಲ್ಲುತ್ತಿದ್ದೆ.

ಆ ತಿಂಗಳು ನನಗೆ ಇಪ್ಪತ್ತು ದಿನ ತಡವಾಗಿತ್ತು. ಹಿಂದೆ ಎರಡು ಸಲ ಹೀಗೇ ಆಸೆಪಟ್ಟು ಮೋಸ ಹೋಗಿದ್ದೆನಾದ್ದರಿಂದ ಈ ಸಲ ಗಂಡನಿಗೂ ಹೇಳಿರಲಿಲ್ಲ. ಇನ್ನೊಂದು ಹತ್ತು ದಿನ ನೋಡಿ ಡಾಕ್ಟರ ಹತ್ತಿರ ಹೋದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಹಿರೇಬೆಣಕಲ್ ಗುಡ್ಡದ ಪ್ರವಾಸ ಬಂತು. ಕರೆದುಕೊಂಡು ಹೋಗಬೇಕಾದ ಇತಿಹಾಸದ ಟೀಚರಿಗೆ ಜ್ವರ. ಹುಡುಗಿಯರ ಮುಖ ಸಣ್ಣಗಾದದ್ದು ನೋಡಿ ನಾನೇ ಹೊರಟೆ. ಹೋಗಬೇಡ ಎಂದು ಒಳಗೊಂದು ಮಾತು ಹೇಳದೆ ಇರಲಿಲ್ಲ. ಇಷ್ಟಕ್ಕೇ ಮನೆ ಹಿಡಿದು ಕೂತರೆ ಅತ್ತೆಗೂ ನನಗೂ ಏನು ವ್ಯತ್ಯಾಸ ಎಂದು ಅದನ್ನು ಅಲ್ಲೇ ಅದುಮಿದೆ.

ಆ ಗುಡ್ಡದ ಮೇಲೆ ಸಾವಿರಾರು ವರ್ಷದ ಹಿಂದಿನ ಕಲ್ಲುಮನೆಗಳಿವೆ. ಮೂರು ಕಡೆ ನಿಲ್ಲಿಸಿದ ಚಪ್ಪಡಿ, ಮೇಲೊಂದು ಚಪ್ಪಡಿ, ಕೆಲವಕ್ಕೆ ಎದುರಿಗೂ ಒಂದು ಚಪ್ಪಡಿ, ಅದರಲ್ಲಿ ದುಂಡನೆಯ ಕಿಂಡಿ. ಒಂದೆರಡಲ್ಲ, ಗುಡ್ಡದ ತುಂಬ. ಸುತ್ತಲಿನವರು ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ಮೋರ್ಯರೆಂದರೆ ಮೊಣಕಾಲೆತ್ತರದ ಮನುಷ್ಯರಂತೆ, ಆ ಕಿಂಡಿಯಲ್ಲೇ ಒಳಗೆ ಹೊರಗೆ ಓಡಾಡುತ್ತಿದ್ದರಂತೆ. ಅವು ಮನೆಯಲ್ಲ, ಹಿಂದಿನವರ ಗೋರಿಗಳು ಎಂದು ಹುಡುಗಿಯರಿಗೆ ತಿಳಿಸಿ ಹೇಳುವ ಉತ್ಸಾಹವೂ ನನಗಿತ್ತು.

ಬೆಳಗಿನ ಬಸ್ಸಿಗೆ ಊರು ತಲುಪಿದೆವು. ದಾರಿ ತೋರಿಸಲು ಅಲ್ಲಿನ ಸಾಲಿ ಮಾಸ್ತರರು ಬೀರಪ್ಪ ಎಂಬ ಕುರುಬರವನನ್ನು ಗೊತ್ತುಮಾಡಿದ್ದರು. ಐವತ್ತು ದಾಟಿದ ಆಸಾಮಿ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು, ಮಾತು ಕಡಿಮೆ. ನಾನು ಬಸ್ಸಿಳಿದ ಕೂಡಲೇ ಹುಡುಗಿಯರನ್ನು ಎಣಿಸಿದೆ, ಊರ ಬಾಗಿಲಲ್ಲಿ ಎಣಿಸಿದೆ, ಗುಡ್ಡದ ಬುಡದಲ್ಲಿ ಮತ್ತೆ ಎಣಿಸಿದೆ. ಒಂಬತ್ತು ಜನ. ಮೂರನೆಯ ಸಲಕ್ಕೆ ಬೀರಪ್ಪ ತಡೆಯಲಾರದೆ ಬಾಯಿಬಿಟ್ಟ.

"ಅಷ್ಟ ಎಣಿಸಬ್ಯಾಡ್ರಿ ಬಾಯಾರ. ನಾವು ಕುರಿ ಎಣಿಸಂಗಿಲ್ಲ. ಎಣಿಸಿದ್ರ ಕಡಿಮಿ ಆಗ್ತಾವ."

ಹಾಗಾದರೆ ಒಂದು ತಪ್ಪಿಸಿಕೊಂಡರೆ ಹೇಗೆ ತಿಳಿಯುತ್ತದೆ ಎಂದೆ. ಮುಖ ನೋಡಿದರೆ ತಿಳಿಯುತ್ತದೆ, ಇನ್ನೂರು ಕುರಿಗೆ ಇನ್ನೂರು ಮುಖ, ಯಾವ ಮುಖ ಕಾಣಲಿಲ್ಲವೋ ಅದು ತಪ್ಪಿಸಿಕೊಂಡಿರುತ್ತದೆ ಎಂದ. ನಾನು ಹುಡುಗಿಯರ ಕಡೆ ತಿರುಗಿ, ಇದೂ ಒಂದು ಗಣಿತ, ಬರೆದುಕೊಳ್ಳಿ ಎಂದೆ. ಅವರು ಕಿಸಕ್ಕನೆ ನಕ್ಕರು.

ಹತ್ತುವಾಗ ನನ್ನ ಸೆರಗಿಗೆ ಏನಾಗಿತ್ತೋ, ಹೆಜ್ಜೆ ಹೆಜ್ಜೆಗೂ ಹಿಂದಿನಿಂದ ಎಳೆದಂತಾಗುತ್ತಿತ್ತು. ದಾರಿಯ ಎರಡೂ ಕಡೆ ಕಾರಿ ಕಂಟಿ, ಜಾಲಿ ಮುಳ್ಳು. ಸಿಕ್ಕಿಕೊಂಡಿರಬೇಕೆಂದು ತಿರುಗುತ್ತಿದ್ದೆ, ಅಷ್ಟರಲ್ಲಿ ಬಿಟ್ಟಿರುತ್ತಿತ್ತು. ನಾಲ್ಕಾರು ಸಲ ಹೀಗಾದ ಮೇಲೆ, ಎಲ್ಲರೂ ಲಂಗ ದಾವಣಿಯಲ್ಲಿ ಸಲೀಸಾಗಿ ಹತ್ತುತ್ತಿದ್ದಾರೆ, ನನಗೊಬ್ಬಳಿಗೇ ಮುಳ್ಳು ಹುಡುಕಿಕೊಂಡು ಬರುತ್ತದೆ ಎಂದು ಬೈದುಕೊಂಡೆ. ಮುಂದೆ ಹೋಗುತ್ತಿದ್ದ ಬೀರಪ್ಪ ಪ್ರತಿ ಸಲವೂ ನಿಂತು ಹಿಂದೆ ನೋಡುತ್ತಿದ್ದ. ನಾನು ದಣಿದೆನೇನೋ ಎಂದು ನಿಲ್ಲುತ್ತಾನೆ ಅಂದುಕೊಂಡೆ.

ಮೇಲೆ ಒಂದು ಎತ್ತರದ ಬಂಡೆಯ ತಲೆಯಲ್ಲಿ ನಗಾರಿಯಂಥ ಗುಂಡುಕಲ್ಲಿದೆ. ಇನ್ನೊಂದು ಕಲ್ಲಿನಿಂದ ಬಾರಿಸಿದರೆ ಅದರ ಸದ್ದು ಕೆಳಗಿನ ಗದ್ದೆಯವರೆಗೂ ಕೇಳುತ್ತದೆ. ಮನೆಗಳನ್ನು ನೋಡುವ ಮೊದಲು, ಮೇಲಿನ ಹೊಂಡದ ನೀರಿಗೆ ಇಳಿಯುವ ಮೊದಲು, ಬಂದವರು ಎಷ್ಟು ಮಂದಿಯೋ ಅಷ್ಟು ಪೆಟ್ಟು ಅದರ ಮೇಲೆ ಹಾಕಬೇಕು, ಇಳಿದು ಹೋಗುವಾಗಲೂ ಹಾಕಬೇಕು, ತನ್ನ ಅಪ್ಪನ ಕಾಲದಿಂದ ಹಾಗೇ ನಡೆದಿದೆ ಎಂದು ಬೀರಪ್ಪ ಬಂಡೆ ಹತ್ತಿದ. ನಾವು ಕೆಳಗೆ ಸಾಲಾಗಿ ನಿಂತೆವು. ಒಬ್ಬೊಬ್ಬರನ್ನೇ ನೋಡುತ್ತ ಅವನು ಬಾರಿಸತೊಡಗಿದ. ಎಣಿಸುವುದು ನನ್ನ ಚಟ, ಬಿಡಲಾಗಲಿಲ್ಲ. ಹನ್ನೆರಡು ಪೆಟ್ಟು ಬಿದ್ದವು.

ಒಂಬತ್ತು ಹುಡುಗಿಯರು, ನಾನು, ಬೀರಪ್ಪ. ಹನ್ನೊಂದು. ಕೆಳಗಿಳಿದು ಬಂದವನಿಗೆ, ನಿನ್ನದೊಂದನ್ನು ಎರಡು ಸಲ ಹೊಡೆದೆಯೇನು ಎಂದು ಕೇಳಿದೆ. ಇಲ್ಲ, ಕಂಡಷ್ಟೇ ಹೊಡೆದಿದ್ದೇನೆ ಎಂದ. ಹುಡುಗಿಯರೆದುರು ತಪ್ಪು ಲೆಕ್ಕವನ್ನು ಹಾಗೇ ಬಿಟ್ಟು ಅಭ್ಯಾಸವಿಲ್ಲದವಳು ನಾನು. ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿ ತೋರಿಸಿದೆ.

"ಒಂದ ಹೆಚ್ಚಿಗಿ ಆಗೇತಿ ನೋಡು ಬೀರಪ್ಪ. ಆ ಹೆಚ್ಚಿಂದು ತಗದುಬಿಡು" ಎಂದೆ.

ಅವನು ನನ್ನ ಮುಖ ನೋಡಿದ. ನನ್ನ ಹಿಂದೆ ಕೆಳಗೆ ನೋಡಿದ. "ತಗೀಲೇನ್ರಿ?" ಎಂದ.

"ಹೂಂ, ತಗದುಬಿಡು."

ಮತ್ತೊಮ್ಮೆ ಅದನ್ನೇ ಕೇಳಿದ. ಈ ಮನುಷ್ಯನಿಗೆ ಕಿವಿ ಮಂದವೇನೋ ಎಂದು ನಾನು ದನಿ ಎತ್ತರಿಸಿ ಮತ್ತೊಮ್ಮೆ ಅದನ್ನೇ ಹೇಳಿದೆ. ಅವನು ಕೋಲು ಎತ್ತಿಕೊಂಡು ಮುಂದೆ ನಡೆದ.

ಮನೆಗಳನ್ನು ನೋಡಿ, ಕಿಂಡಿಗಳಲ್ಲಿ ಇಣುಕಿ, ನೀರಿನ ಹತ್ತಿರ ಬಂದೆವು. ಗುಡ್ಡದ ನೆತ್ತಿಯಲ್ಲಿ ಬಂಡೆಗಳ ನಡುವೆ ದೊಡ್ಡದೊಂದು ಹೊಂಡ. ಬೇಸಿಗೆಯಲ್ಲೂ ಬತ್ತುವುದಿಲ್ಲವಂತೆ. ದಡದಲ್ಲಿ ಕಾಲು ಇಳಿಬಿಟ್ಟು ಕೂತು ಬುತ್ತಿ ಬಿಚ್ಚಿದೆವು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಉಂಡು ಕೈ ತೊಳೆಯಲು ಬಗ್ಗಿದ ಹುಲಿಗೆಮ್ಮ ಎಂಬ ಹುಡುಗಿ ಪಾಚಿಯ ಮೇಲೆ ಜಾರಿ ನೀರಿಗೆ ಬಿದ್ದಳು. ಅವಳಿಗೆ ಈಸಲು ಬರುತ್ತಿರಲಿಲ್ಲ. ಒಮ್ಮೆ ಮೇಲೆ ಬಂದಳು, ಮತ್ತೆ ಮುಳುಗಿದಳು.

ನನಗೆ ಬರುತ್ತಿತ್ತು. ಯಲಬುರ್ಗಾದ ತವರಿನ ಬಾವಿಯಲ್ಲಿ ಅಪ್ಪ ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿ ಕಲಿಸಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾರಿದೆ. ನೀರೊಳಗೆ ಅವಳ ಜಡೆ ಕೈಗೆ ಸಿಕ್ಕಿತು. ಮೇಲಕ್ಕೆ ಬರಬೇಕೆನ್ನುವಾಗ ಸೆರಗು ಬಿಚ್ಚಿಕೊಂಡು ಕೆಳಗಿನಿಂದ ಎಳೆಯತೊಡಗಿತು. ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡಿರಬೇಕು. ಉಸಿರು ಕಟ್ಟಿತ್ತು, ಒಂದು ಕೈಯಲ್ಲಿ ಹುಡುಗಿ. ಇನ್ನೊಂದು ಕೈಯಿಂದ ಸೆರಗನ್ನು ಹಿಡಿದು ಜೋರಾಗಿ ಜಗ್ಗಿದೆ. ಬಿಟ್ಟಿತು. ಬೀರಪ್ಪ ಕಂಬಳಿಯ ತುದಿ ನೀರಿಗೆ ಬಿಟ್ಟಿದ್ದ, ಅದನ್ನು ಹಿಡಿದು ಹುಲಿಗೆಮ್ಮ ಮೇಲೆ ಹೋದಳು. ಅವಳ ಹಿಂದೆ ಹತ್ತುವಾಗ ನನ್ನ ಕಾಲು ಜಾರಿ ಹೊಟ್ಟೆ ಬಂಡೆಯ ಅಂಚಿಗೆ ಬಡಿಯಿತು. ನೋವಾಯಿತು. ಹುಡುಗಿ ಬದುಕಿದಳಲ್ಲ ಎಂಬ ಸಮಾಧಾನದಲ್ಲಿ ಆಗ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ.

ಬಟ್ಟೆ ಆರಿಸಿಕೊಂಡು ಹೊರಟಾಗ ಬೀರಪ್ಪ ಮತ್ತೆ ಬಂಡೆ ಹತ್ತಿದ. ಹೊಂಡದ ಕಡೆಗೇ ಬಹಳ ಹೊತ್ತು ನೋಡಿದ. ಆಮೇಲೆ ಬಾರಿಸಿದ. ಹನ್ನೊಂದು ಪೆಟ್ಟು. ನಾನು ಎಲ್ಲರಿಗೂ ಕೇಳುವಂತೆ, "ಈಗ ನೋಡು ಬೀರಪ್ಪ, ಲೆಕ್ಕ ಸರಿ ಆತು" ಎಂದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ಅವನು ಊರು ಮುಟ್ಟುವವರೆಗೂ ನನ್ನ ಕಡೆ ತಿರುಗಲಿಲ್ಲ, ಮಾಸ್ತರರ ಮನೆಯ ಚಹವನ್ನೂ ಕುಡಿಯಲಿಲ್ಲ. ಇಳಿಯುವಾಗ ಅದೇ ದಾರಿ, ಅದೇ ಮುಳ್ಳು. ಸೆರಗು ಒಮ್ಮೆಯೂ ಎಳೆಯಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನನಗೆ ರಕ್ತ ಕಾಣಿಸಿತು. ಅವತ್ತೇ ನನ್ನವರಿಗೆ ಹೇಳಿದೆ. ಅಂದರೆ, ಇತ್ತು ಎಂಬುದನ್ನೂ ಹೋಯಿತು ಎಂಬುದನ್ನೂ ಒಂದೇ ಮಾತಿನಲ್ಲಿ ಹೇಳಿದೆ. ಅವರು ಸೈಕಲ್ ತೆಗೆದುಕೊಂಡು ರಿಕ್ಷಾ ಕರೆಯಲು ಹೋದರು. ಮೊದಲ ತಿಂಗಳುಗಳಲ್ಲಿ ಹೀಗಾಗುವುದುಂಟು, ಪೆಟ್ಟಿನಿಂದಲೇ ಆಯಿತೆಂದು ಹೇಳಲಾಗದು, ಮತ್ತೆ ಆಗುತ್ತದೆ ಎಂದು ಡಾಕ್ಟರಮ್ಮ ಸಮಾಧಾನ ಹೇಳಿದರು. ಮತ್ತೆ ಆಗಲಿಲ್ಲ. ನಮಗೆ ಮಕ್ಕಳಾಗಲೇ ಇಲ್ಲ.

ಹನ್ನೆರಡು ಪೆಟ್ಟಿನ ನೆನಪು ಬಂದಾಗಲೆಲ್ಲ ಅಕ್ಷರ ಬಾರದ ಮನುಷ್ಯನ ಕೈತಪ್ಪು ಎಂದು ತಳ್ಳಿಹಾಕುತ್ತಿದ್ದೆ. ತಳ್ಳಿದರೂ ಅದು ಮತ್ತೆ ಬರುತ್ತಿತ್ತು. ಎರಡು ವರ್ಷದ ಮೇಲೆ ಜನಗಣತಿ ಬಂತು. ನಮ್ಮಂಥ ಟೀಚರುಗಳನ್ನೇ ಮನೆ ಮನೆಗೆ ಅಟ್ಟುತ್ತಿದ್ದರು. ನನಗೆ ಬಂದ ಹಳ್ಳಿ ಹಿರೇಬೆಣಕಲ್. ಬೇರೆ ಊರು ಕೇಳಬಹುದಿತ್ತು, ಕೇಳಲಿಲ್ಲ.

ಬೀರಪ್ಪ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಕಣ್ಣಿಗೆ ಪೊರೆ ಬಂದಿತ್ತು, ದನಿಯಿಂದ ನನ್ನ ಗುರುತು ಹಿಡಿದ. ಮನೆಯಲ್ಲಿ ಎಷ್ಟು ಜನ ಎಂದು ಕೇಳಿದೆ. ಅವನು ಸಂಖ್ಯೆ ಹೇಳಲಿಲ್ಲ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು ನನ್ನೆದುರು ನಿಲ್ಲಿಸಿದ. ನಾನು ಬರೆದುಕೊಂಡೆ. ಅವರೆಲ್ಲ ಒಳಗೆ ಹೋದ ಮೇಲೂ ನನಗೆ ಏಳಲಾಗಲಿಲ್ಲ. ಅವತ್ತು ಹನ್ನೆರಡು ಪೆಟ್ಟು ಯಾಕೆ ಹಾಕಿದೆ ಎಂದು ಕೇಳಿದೆ. ಮರೆತಿದ್ದೇನೆ ಎನ್ನಲಿ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಲೇ ಕೇಳಿದೆ.

"ಮಕಕ್ಕೊಂದು ಪೆಟ್ಟು ಹಾಕೀನ್ರಿ. ನಿಮ್ಮ ಸೆರಗ ಹಿಡಕೊಂಡು ಬಂದಿತ್ತಲ್ರಿ ಸಣ್ಣದು, ನಿಮ್ಮದ ಅಂತ ತಿಳದಿದ್ದೆ."

ಇಳಿಯುವಾಗ ಹನ್ನೊಂದೇ ಯಾಕೆ ಎಂದೆ. ಆಗ ಇರಲಿಲ್ಲ ಎಂದ. ಹೊಂಡದ ಹತ್ತಿರ ಉಳಿಯಿತೇನೋ ಎಂದು ನಿಂತು ನೋಡಿದೆ, ಎಲ್ಲೂ ಕಾಣಲಿಲ್ಲ ಎಂದ. ಅವತ್ತೇ ನನಗೆ ಯಾಕೆ ಹೇಳಲಿಲ್ಲ ಎನ್ನುವಾಗ ನನ್ನ ದನಿ ನನಗೇ ಒರಟಾಗಿ ಕೇಳಿತು. ಅವನು ಪೊರೆ ಬಂದ ಕಣ್ಣನ್ನು ನನ್ನ ದನಿಯ ಕಡೆ ತಿರುಗಿಸಿದ.

"ತಾಯೀನ ಹೆಚ್ಚಿಂದು, ತಗದುಬಿಡು ಅಂದ ಮ್ಯಾಲ ನಾ ಏನ್ ಹೇಳ್ಲಿ ಬಾಯಾರ?"

ಮುಖ ಹೇಗಿತ್ತು ಎಂದು ಕೇಳಬೇಕೆಂದುಕೊಂಡೆ. ಇನ್ನೊಮ್ಮೆ ಬಂದು ಕೇಳಿದರಾಯಿತು ಎಂದು ಫಾರಂಗಳನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ. ಮುಂದಿನ ಮಳೆಗಾಲದೊಳಗೆ ಬೀರಪ್ಪ ತೀರಿಹೋದ ಸುದ್ದಿ ಬಂತು.

ಈಗಲೂ ನಾನು ದೆವ್ವ ಭೂತವನ್ನು ನಂಬುವವಳಲ್ಲ. ಅವನಿಗೆ ಆಗಲೇ ಕಣ್ಣು ಮಂಜಾಗಿದ್ದಿರಬಹುದು, ಬಿಸಿಲಿನಲ್ಲಿ ಯಾವುದೋ ನೆರಳನ್ನು ಕಂಡಿರಬಹುದು. ಊರವರ ಮಾತಿನಂತೆ ಮೋರ್ಯರಲ್ಲಿ ಒಬ್ಬರು ನನ್ನ ಬೆನ್ನು ಹತ್ತಿದ್ದರು ಎಂದೂ ಯಾರಾದರೂ ಹೇಳಬಹುದು. ಆದರೆ ನಾನು ಬಸಿರಾಗಿದ್ದ ಸಂಗತಿಯನ್ನು ಗಂಡ ಮತ್ತು ಡಾಕ್ಟರಮ್ಮನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ, ಅವರಿಗೂ ಹೇಳಿದ್ದು ಗುಡ್ಡ ಇಳಿದ ಮೇಲೆ. ದಾರಿಯುದ್ದಕ್ಕೂ ಸೆರಗು ಎಳೆಯುತ್ತಿತ್ತೆಂದು ಅವರಿಗೂ ಹೇಳಿರಲಿಲ್ಲ. ಮುಂದೆ ಕೊಪ್ಪಳಕ್ಕೆ ವರ್ಗವಾದ ಮೇಲೆ ಒಮ್ಮೆ ಹುಲಿಗೆಮ್ಮ ಕಂಕುಳಲ್ಲಿ ಕೂಸು ಹೊತ್ತು ಭಾಗ್ಯನಗರದ ಅಂಗಡಿಯೊಂದರ ಮುಂದೆ ಸಿಕ್ಕಳು. ಅವತ್ತು ಎಷ್ಟು ಪೆಟ್ಟು ಬಿದ್ದವು, ನೆನಪಿದೆಯಾ ಎಂದು ಕೇಳಿದೆ. ಹನ್ನೆರಡು ಟೀಚರ್, ಹೆಚ್ಚಿನದು ತೆಗೆ ಎಂದು ನೀವು ಮೂರು ಸಲ ಹೇಳಿದಿರಿ ಎಂದು ಅವಳು ನಕ್ಕಳು.

ಆಮೇಲೆ ಎಷ್ಟೋ ಪ್ರವಾಸಗಳಿಗೆ ಹೋದೆ. ಮಕ್ಕಳನ್ನು ಎಣಿಸುವ ಕೆಲಸವನ್ನು ಬೇರೆಯವರಿಗೇ ಬಿಡುತ್ತಿದ್ದೆ. ಮನೆಯಲ್ಲಿ ಒಮ್ಮೊಮ್ಮೆ ನಡೆಯುತ್ತಿರುವಾಗ ಸೆರಗು ಬಾಗಿಲ ಚಿಲಕಕ್ಕೋ ಕುರ್ಚಿಯ ಮೊಳೆಗೋ ಸಿಕ್ಕಿ ಹಿಂದಿನಿಂದ ಎಳೆಯುತ್ತದೆ. ಚಿಲಕವೆಂದು ಗೊತ್ತಿರುತ್ತದೆ. ಆದರೂ ತಿರುಗಿ ನೋಡುವುದಿಲ್ಲ, ಬಿಡಿಸಿಕೊಳ್ಳುವುದೂ ಇಲ್ಲ. ಅದು ತಾನಾಗಿ ಬಿಡುವವರೆಗೆ ಹಾಗೇ ನಿಂತಿರುತ್ತೇನೆ.