ಹೊಳೆಯಿಂದ ಗುಡ್ಡದವರೆಗಿನ ಹೆಸರುಗಳು

ದೆವ್ವ, ಪವಾಡ ಎಂದವರನ್ನೆಲ್ಲ ಗೇಲಿ ಮಾಡಿಕೊಂಡೇ ಬಂದವಳು ನಾನು. ದೆಹಲಿಯ ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷ ಸ್ಟೆನೋ ಆಗಿದ್ದೆ. ಕಿವಿಗೆ ಬಿದ್ದದ್ದು, ಕಾಗದಕ್ಕೆ ಇಳಿದದ್ದು, ಅಷ್ಟೇ ನನಗೆ ಸತ್ಯ. ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ. ನಾನಾಗಿದ್ದರೂ ನಗುತ್ತಿದ್ದೆ.

ನಿವೃತ್ತಿಗೆ ಸ್ವಲ್ಪ ಮುಂಚಿನ ಮಾತು. ಪೂರ್ವದ ಕಡೆಯ ಒಂದು ಕಾಡನ್ನು ದಿಮ್ಮಿಗಾಗಿ ಕಡಿಯಲು ಕಂಪನಿಯೊಂದು ಅನುಮತಿ ಕೇಳಿತ್ತು. ಆ ಕಾಡಿನ ಹಾಡಿಯವರ ಅಭಿಪ್ರಾಯ ಕೇಳಲು ನಮ್ಮ ಕಚೇರಿಯಲ್ಲೇ ಸಭೆ ಕರೆದಿದ್ದರು. ಬಂದವಳು ಒಬ್ಬಳೇ ಮುದುಕಿ. ಅವಳ ಭಾಷೆ ಬರುತ್ತಿದ್ದದ್ದು ಕಂಪನಿಯವರೇ ಕರೆತಂದಿದ್ದ ದುಭಾಷಿಗೆ ಮಾತ್ರ. ಸಾಹೇಬರ ಚಹಾ ಮುಗಿಯುವುದರೊಳಗೆ ಅವಳ ಮಾತೂ ಮುಗಿಯಿತು. “ಇವರದೇನೂ ಆಕ್ಷೇಪಣೆ ಇಲ್ಲವಂತೆ ಸರ್” ಎಂದ ದುಭಾಷಿ. “ಅಚ್ಛಾ, ಚಲೋ. ಅಷ್ಟೇ ಟೈಪ್ ಮಾಡಿ ಮೇಡಂ” ಎಂದರು ಸಾಹೇಬರು. ಮುದುಕಿ ನನ್ನ ಕೈಯನ್ನೇ ನೋಡುತ್ತಿದ್ದಳು. ನನಗೆ ಅನುಮಾನ ಬಂದಿತ್ತು, ಸುಳ್ಳೇಕೆ ಹೇಳಲಿ. ಆದರೂ ಟೈಪ್ ಮಾಡಿದೆ.

ಶೀಘ್ರಲಿಪಿಯಲ್ಲಿ ನಾವು ಬರೆಯುವುದು ಸದ್ದನ್ನು. ಅರ್ಥ ಗೊತ್ತಿಲ್ಲದಿದ್ದರೂ ಕೈ ಓಡುತ್ತದೆ. ಅವಳು ಮಾತಾಡುವಾಗ ನನ್ನ ಪೆನ್ಸಿಲ್ಲೂ ಅಭ್ಯಾಸಬಲದಿಂದ ಓಡಿತ್ತು. ಸಂಜೆ ನೋಡಿದರೆ, ಬೆಳಿಗ್ಗೆ ತಾನೇ ತೆರೆದ ಹೊಸ ಪುಸ್ತಕ ಕೊನೆಯ ಹಾಳೆಯವರೆಗೂ ತುಂಬಿಹೋಗಿತ್ತು! ಎರಡು ನಿಮಿಷದ ಮಾತಿಗೆ ಅಷ್ಟು ಹಾಳೆಯೇ? ಯಾವುದೋ ಹಳೆಯ ಪುಸ್ತಕ ಹಿಡಿದು ಹೋಗಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಅದನ್ನು ಮನೆಗೆ ತಂದು ಟ್ರಂಕಿಗೆ ಹಾಕಿದೆ. ಆ ವರ್ಷವೇ ಕಾಡು ಹೋಯಿತು.

ಹೋದ ಚಳಿಗಾಲ, ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ ರದ್ದಿಗೆ ಹಾಕಲು ಕಾಗದ ತೆಗೆಯುವಾಗ ಆ ಪುಸ್ತಕ ಸಿಕ್ಕಿತು. ಏನಿದೆಯೋ ನೋಡೋಣವೆಂದು ಗಟ್ಟಿಯಾಗಿ ಓದತೊಡಗಿದೆ. ನೆಲ ಒರೆಸುತ್ತಿದ್ದ ಫೂಲ್‌ಮಣಿಯ ಕೈ ನಿಂತಿತು. ಊರು ಬಿಟ್ಟು ಬಂದು ಎರಡು ವರ್ಷದಿಂದ ನಮ್ಮ ಮನೆಗೆಲಸ ಮಾಡುತ್ತಿದ್ದಾಳೆ. ಯಾವ ಊರು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

“ಆಂಟಿ, ಇವು ನಮ್ಮ ಕಾಡಿನ ಮರಗಳು” ಎಂದಳು. ಅವರಲ್ಲಿ ಮಗು ಹುಟ್ಟಿದರೆ ಒಂದು ಮರಕ್ಕೂ ಅದೇ ಹೆಸರಿಡುತ್ತಾರಂತೆ. ಹೊಳೆಯಿಂದ ಗುಡ್ಡಕ್ಕೆ ನಡೆದರೆ ಮರಗಳು ಸಿಗುತ್ತಿದ್ದ ಕ್ರಮದಲ್ಲೇ ಹೆಸರುಗಳಿದ್ದವು. ಸ್ವಲ್ಪ ಹೊತ್ತಿಗೆ ಅವಳೇ ನನಗಿಂತ ಮುಂಚೆ ಮುಂದಿನ ಹೆಸರು ಹೇಳತೊಡಗಿದಳು. ಒಂದೂ ತಪ್ಪಲಿಲ್ಲ. ಕೊನೆಯ ಹಾಳೆಯಲ್ಲಿ ಒಂದು ಹಿಪ್ಪೆ ಮರ. ಅದರ ಹೆಸರು ಫೂಲ್‌ಮಣಿ.

ಇದನ್ನೆಲ್ಲ ಹೇಳಿದವಳು ಒಬ್ಬ ಮುದುಕಿ, ನಮ್ಮ ಕಚೇರಿಯಲ್ಲಿ, ಎಂದೆ. ಫೂಲ್‌ಮಣಿ ಬಿಕ್ಕಿ ಬಿಕ್ಕಿ ಅತ್ತಳು. “ಅಜ್ಜಿ ಇಲ್ಲೀತನಕ ಬಂದು ಇಷ್ಟೆಲ್ಲ ಹೇಳಿದ್ಲಾ? ಹೇಳಿದ ಮೇಲೂ ಯಾಕೆ ಕಡಿದ್ರು ಆಂಟಿ?”

ಎರಡು ನಿಮಿಷದಲ್ಲಿ ಒಂದು ಇಡೀ ಕಾಡು ನನ್ನ ಪುಸ್ತಕಕ್ಕೆ ಹೇಗೆ ಬಂತೋ, ಇವತ್ತಿಗೂ ತಿಳಿಯದು. ಅವಳ ಪ್ರಶ್ನೆಗೆ ಮಾತ್ರ ಉತ್ತರ ಗೊತ್ತಿದೆ. ಹೇಳಿಲ್ಲ. ಕೆಲಸ ಮುಗಿಸಿ, ಕೈ ಒರೆಸಿಕೊಂಡು, “ಓದಿ ಆಂಟಿ” ಎಂದು ದಿನಾ ನನ್ನೆದುರು ಕೂರುತ್ತಾಳೆ. ಓದುತ್ತೇನೆ.