ಯಾರ ಕಾರ್ಡು ಇದು?

ಮಿಕ್ಸರು, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ಆ ಅಂಗಡಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರೇ ಕಡಿಮೆ. ಬಾಗಿಲ ಪಕ್ಕದ ಗಾಜಿನ ಕೌಂಟರಿನ ಹಿಂದೆ ಕೂತು ಬಿಲ್ಲು ಹಾಕುತ್ತಿದ್ದಳು, ಹಾಗಾಗಿ ಎಲ್ಲರಿಗೂ ಕೌಂಟರಕ್ಕ. ಬೆನ್ನ ಹಿಂದೆ ಇನ್ನೊಂದು ಹೆಸರಿತ್ತು: ಪೊಲೀಸಮ್ಮ. ಕಾರ್ಡು ಚಾಚಿದವರನ್ನೆಲ್ಲ ಅವಳು ಗುರುತಿನ ಚೀಟಿ ಕೇಳುತ್ತಿದ್ದಳು. ಸೂಟು ಹಾಕಿದವನಾಗಲಿ, ಸವೆದ ಚಪ್ಪಲಿಯವನಾಗಲಿ, ಅವಳ ಮಟ್ಟಿಗೆ ಒಂದೇ.

ಯಜಮಾನನಿಗೆ ಇದು ತಲೆನೋವು. "ಅಮ್ಮಾ ತಾಯಿ, ನಾವು ವ್ಯಾಪಾರಕ್ಕೆ ಕೂತಿದ್ದೀವೋ, ವಿಚಾರಣೆಗೋ? ಎದುರಂಗಡಿಯವನು ನಗ್ತಾ ನಗ್ತಾ ಕಾರ್ಡು ಉಜ್ಜಿ ಕಳಿಸ್ತಾನೆ" ಎಂದು ದಿನಾ ಗೊಣಗುತ್ತಿದ್ದ. ಒಬ್ಬ ಗಿರಾಕಿಯಂತೂ "ನಾನು ಕಳ್ಳನ ಥರಾ ಕಾಣ್ತೀನಾ?" ಎಂದು ಅವಳ ಮುಖಕ್ಕೇ ಉಗಿದು ಹೋಗಿದ್ದ. ಅವಳು ಸೆರಗಿನಲ್ಲಿ ಒರೆಸಿಕೊಂಡು, "ಮುಂದಿನವರು ಬನ್ನಿ" ಎಂದಿದ್ದಳು.

ಈ ಪಟ್ಟು ಹುಟ್ಟಿದ್ದು ತಂಗಿಯಿಂದ. ತಂಗಿ ನರ್ಸು. ಕೆಲಸ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಬೈಕಿನಲ್ಲಿ ಬಂದ ಇಬ್ಬರು ಅವಳ ಚೀಲಕ್ಕೆ ಕೈಹಾಕಿದರು. ಪಟ್ಟಿ ತೋಳಿಗೆ ಸುತ್ತಿಕೊಂಡಿತ್ತು. ಬೈಕು ನಿಲ್ಲಲಿಲ್ಲ. ರಸ್ತೆಯ ತಿರುವಿನವರೆಗೂ ಅವಳನ್ನು ಮೂಟೆಯ ಹಾಗೆ ಎಳೆದುಕೊಂಡು ಹೋದರು. ದವಡೆ ಒಡೆಯಿತು, ಭುಜ ಕಳಚಿತು, ಒಂದು ಕಡೆಯ ಕೆನ್ನೆಯ ಚರ್ಮವೇ ಟಾರಿಗೆ ಅಂಟಿಕೊಂಡಿತು. ಅವಳನ್ನು ಇನ್ನೂ ಸ್ಟ್ರೆಚರಿನಿಂದ ಇಳಿಸಿರಲಿಲ್ಲ, ಅಷ್ಟರಲ್ಲಿ ಅವಳ ಕಾರ್ಡಿನಲ್ಲಿ ಮೊಬೈಲು, ಶೂ, ಕೈಗಡಿಯಾರ ಎಲ್ಲ ಖರೀದಿಯಾಗಿತ್ತು.

ಬ್ಯಾಂಕಿನಲ್ಲಿ ವಿಚಾರಿಸಿ ಕೌಂಟರಕ್ಕ ನೇರ ಆ ಮೊಬೈಲು ಮಾರಿದ ಅಂಗಡಿಗೆ ಹೋದಳು.

"ಕಾರ್ಡಿನ ಮೇಲೆ ಹೆಂಗಸಿನ ಹೆಸರಿದೆ. ಸಹಿ ಹಾಕಿದ್ದು ಮೀಸೆ ಹೊತ್ತ ಗಂಡಸು. ನೀವು ಒಂದು ಮಾತೂ ಕೇಳ್ಲಿಲ್ವಾ?"

"ಮಷಿನ್ನು ಓಕೆ ಅಂತು. ನಾನ್ಯಾಕೆ ಬೇಡ ಅನ್ಲಿ?" ಎಂದ ಅಂಗಡಿಯವನು, ಫೋನಿನಿಂದ ಕಣ್ಣೆತ್ತದೆ.

ಅವಳು ಕೌಂಟರಿನ ಮೇಲಿಂದ ಬಾಗಿ ಅವನ ಕೊರಳಪಟ್ಟಿ ಹಿಡಿದು ಕಪಾಳಕ್ಕೆ ಬಾರಿಸಿದಳು. ಎರಡನೇ ಏಟು ಬೀಳುವ ಮೊದಲೇ ಆಳುಗಳು ಅವಳನ್ನು ರಟ್ಟೆ ಹಿಡಿದು ಬೀದಿಗೆ ದಬ್ಬಿದರು. ಮೊಣಕಾಲು ತರಚಿತು. ಆಸ್ಪತ್ರೆಗೆ ಹಿಂತಿರುಗಿ ತಂಗಿಯ ಮಂಚದ ಪಕ್ಕ ಕೂತಾಗಲೂ ಅವಳ ಕೈ ಉರಿಯುತ್ತಿತ್ತು, ಮತ್ತು ಅದು ಅವಳಿಗೆ ಹಿತವಾಗಿಯೇ ಇತ್ತು.

ವರ್ಷಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಒಬ್ಬ ಯುವಕ ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ದೊಡ್ಡ ಟಿವಿ ಆರಿಸಿದ, ಜೊತೆಗೆ ಎರಡು ಸ್ಪೀಕರು. ಬೆಲೆ ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ. ಯಜಮಾನ ಒಳಗಿನಿಂದಲೇ ಹಲ್ಲು ಕಿರಿದ.

ಕೌಂಟರಕ್ಕ ಕಾರ್ಡನ್ನು ತಿರುಗಿಸಿ ನೋಡಿದಳು. "ಯಾರ ಕಾರ್ಡು ಇದು?"

"ನಮ್ಮ ಚಿಕ್ಕಮ್ಮಂದು."

"ಅವರ ಗುರುತಿನ ಚೀಟಿ ಇದ್ಯಾ?"

"ಪಿನ್ ನಂಬರ್ ಗೊತ್ತಿದೆ, ಒತ್ತುತ್ತೀನಿ. ಸಾಲ್ದಾ?"

"ನಂಬರನ್ನ ಯಾರಾದ್ರೂ ಹೊಡೆದು ಬಾಯಿ ಬಿಡಿಸ್ಬಹುದಪ್ಪ. ಅವರಿಗೊಂದು ಫೋನ್ ಹಚ್ಚಿ ಕೊಡಿ, ಮಾತಾಡ್ತೀನಿ."

ಅವಳು ಎಲ್ಲರಿಗೂ ಆಡುತ್ತಿದ್ದ ಮಾತೇ ಅದು. ಆದರೆ ಅವನ ಮುಖ ಬಿಳಿಚಿಕೊಂಡಿತು. ಆಗಲೇ ಅವಳ ಕಣ್ಣು ಅವನ ಬೆರಳ ಗೆಣ್ಣುಗಳ ಮೇಲೆ ಬಿತ್ತು. ಚರ್ಮ ಕಿತ್ತುಹೋಗಿ ಹಸಿ ಹಸಿಯಾಗಿತ್ತು.

"ಹಾಕಮ್ಮಾ ಬಿಲ್ಲು, ಸಾಕು!" ಎಂದು ಯಜಮಾನ ಕೂಗಿದ.

ಅವಳು ಕಾರ್ಡನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಫೋನ್ ಮಾಡಿ."

ಅವನು ಅವಳ ತುರುಬು ಹಿಡಿದು ತಲೆಯನ್ನು ಕೌಂಟರಿಗೆ ಅಪ್ಪಳಿಸಿದ. ಗಾಜು ಚೂರಾಯಿತು. ಮತ್ತೆ ಎತ್ತಿ ಅಪ್ಪಳಿಸಿದ. ಹಣೆಯ ರಕ್ತ ಕಣ್ಣಿಗಿಳಿದು ಅಂಗಡಿಯೆಲ್ಲ ಕೆಂಪಾಗಿ ಕಂಡಿತು. "ಕೊಡೇ, ಕೊಡೇ" ಎನ್ನುತ್ತ ಅವನು ಅವಳ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮಡಿಸತೊಡಗಿದ. ಕಿರುಬೆರಳು ಲಟಕ್ಕೆಂದಿತು, ಪಕ್ಕದ್ದೂ ಅಷ್ಟೇ. ಅವಳು ಕಿರುಚಿದಳು, ಮುಷ್ಟಿ ಮಾತ್ರ ಬಿಡಲಿಲ್ಲ. ಯಜಮಾನ ಗೋದಾಮಿಗೆ ಓಡಿ ಒಳಗಿನಿಂದ ಚಿಲಕ ಹಾಕಿಕೊಂಡ.

ಎಡಗೈಗೆ ಏನೋ ಸಿಕ್ಕಿತು. ಪ್ರದರ್ಶನಕ್ಕಿಟ್ಟಿದ್ದ ಹಳೇ ಮಾದರಿಯ ಇಸ್ತ್ರಿಪೆಟ್ಟಿಗೆ, ಭಾರದ್ದು. ಬೀಸಿದಳು. ಅದರ ಮೂತಿ ಅವನ ಕಿವಿಯ ಮೇಲೆ ಬಿತ್ತು. ಅವನು ತತ್ತರಿಸಿ ಗಾಜಿನ ಚೂರುಗಳ ಮೇಲೆ ಕುಸಿದ. ಅಲ್ಲಿಗೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಅವಳು ಕೌಂಟರು ಬಳಸಿ ಬಂದು, ಅವನ ಎದೆಯ ಮೇಲೆ ಮೊಣಕಾಲೂರಿ, ಮುಖಕ್ಕೆ ಮತ್ತೆ ಮತ್ತೆ ಇಳಿಸಿದಳು. ಅವನು ಕೈ ಅಡ್ಡ ಹಿಡಿದು "ಬೇಡಕ್ಕಾ" ಎಂದ. ಅದು ಅವಳಿಗೆ ಕೇಳಿಸಿತು. ಕೇಳಿಸಿದ ಮೇಲೂ ಹೊಡೆದಳು.

ಫ್ಯಾನು ರಿಪೇರಿಯ ಮೆಕ್ಯಾನಿಕ್ಕು ಊಟದಿಂದ ಬಂದವನು ಅವಳನ್ನು ಹಿಂದಿನಿಂದ ಅವಚಿ ಎಳೆದ. "ಬಿಡಕ್ಕಾ! ಸತ್ತೋಗ್ತಾನೆ, ಬಿಡು!"

ಪೊಲೀಸರು ಅವಳ ಮುರಿದ ಬೆರಳುಗಳ ನಡುವಿನಿಂದ ಕಾರ್ಡು ಬಿಡಿಸಿಕೊಂಡು, ಹೆಸರು ಹಿಡಿದು ವಿಳಾಸ ಪತ್ತೆ ಮಾಡಿ, ಮನೆಯ ಬಾಗಿಲು ಒಡೆದರು. ಬಚ್ಚಲುಮನೆಯ ನೆಲದ ಮೇಲೆ ಅರವತ್ತು ದಾಟಿದ ಹೆಂಗಸು ಬಿದ್ದಿದ್ದಳು. ಕೈಕಾಲು ಕಟ್ಟಿತ್ತು, ಬಾಯಿಗೆ ಟೇಪು, ಪಕ್ಕೆಲುಬು ಮುರಿದಿತ್ತು. ಉಸಿರಿತ್ತು. ಸಂಜೆಯವರೆಗೆ ಬಿಟ್ಟಿದ್ದರೆ ಇರುತ್ತಿರಲಿಲ್ಲ ಎಂದರು ಡಾಕ್ಟರು.

ಮರುದಿನದಿಂದ ಕೌಂಟರಕ್ಕನನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಯಜಮಾನ ಸೇಬು ಹಿಡಿದು ಆಸ್ಪತ್ರೆಗೆ ಬಂದು, "ನಮ್ಮಂಗಡಿ ಮಾನ ಉಳಿಸಿದ್ರಿ" ಎಂದ. ಚಿಲಕದ ವಿಷಯ ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಹೊಗಳದೆ ಇದ್ದವಳು ಒಬ್ಬಳೇ. ಓಡಾಡುವಷ್ಟಾದ ಮೇಲೆ ಆ ಚಿಕ್ಕಮ್ಮ, ಕೋಲೂರಿಕೊಂಡು, ಕೌಂಟರಕ್ಕನ ಮನೆ ಹುಡುಕಿಕೊಂಡು ಬಂದಳು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಅವನ ಒಂದು ಕಣ್ಣು ಹೋಯ್ತು, ಗೊತ್ತಾ?"

"ಗೊತ್ತಮ್ಮಾ."

"ತಾಯಿ ಸತ್ತಾಗ ನಾಲ್ಕು ವರ್ಷದ ಕೂಸು. ನಾನೇ ತುತ್ತಿಟ್ಟು ಸಾಕಿದ್ದು. ಹಾಳಾದ, ನಿಜ. ನನ್ನನ್ನ ಕೊಲ್ತಿದ್ದ, ಅದೂ ನಿಜ. ನೀನು ಕೇಳಿದ್ದಕ್ಕೆ ನಾನು ಬದುಕಿದ್ದೀನಿ ಕಣಮ್ಮಾ. ಆದ್ರೆ ಬಿದ್ದವನನ್ನ ಯಾಕೆ ಹೊಡೆದೆ?"

ತಂಗಿ ಒಳಗಿನಿಂದ ಹೊರಬಂದಳು, ಸೊಟ್ಟ ದವಡೆಯಲ್ಲೇ ಸಿಟ್ಟಿನಿಂದ ಶುರುಮಾಡಿದಳು: "ಏನಮ್ಮಾ, ಜೀವ ಉಳಿಸಿದವಳನ್ನೇ..."

"ಸುಮ್ನಿರು" ಎಂದು ಕೌಂಟರಕ್ಕ ತಡೆದಳು. ಮುದುಕಿ ಬಂದ ಹಾಗೇ ಮೆಲ್ಲಗೆ ಮೆಟ್ಟಿಲಿಳಿದು ಹೋದಳು.

ಅವನ ಮೇಲೆ ದೊಡ್ಡ ಕೇಸು, ಇವಳ ಮೇಲೆ ಸಣ್ಣದು. ಪ್ರಾಣ ಉಳಿಸಿಕೊಳ್ಳಲು ಹೊಡೆದೆ ಎಂದಷ್ಟೇ ಹೇಳಿ, ಮಿಕ್ಕಿದ್ದು ನನಗೆ ಬಿಡಿ ಎಂದು ವಕೀಲ ಗಿಳಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟಿದ್ದ. ಕಟಕಟೆಯಲ್ಲಿ ನಿಂತವಳು ಹೇಳಿದ್ದೇ ಬೇರೆ: "ಮೊದಲ ಏಟು ಪ್ರಾಣಕ್ಕೆ ಹೊಡೆದಿದ್ದು ಸ್ವಾಮಿ. ಆಮೇಲಿನದ್ದೆಲ್ಲ ಸಿಟ್ಟಿಗೆ. ಅವನು ಬೇಡ ಅಂದಿದ್ದು ನನಗೆ ಕೇಳಿಸಿತ್ತು." ವಕೀಲ ಹಣೆ ಚಚ್ಚಿಕೊಂಡ. ನ್ಯಾಯಾಧೀಶರು ಅವಳನ್ನು ಜೈಲಿಗೆ ಕಳಿಸಲಿಲ್ಲ, ಇನ್ನೊಮ್ಮೆ ಯಾರ ಮೇಲೂ ಕೈ ಎತ್ತುವುದಿಲ್ಲವೆಂದು ಬರೆಸಿಕೊಂಡು ಬಿಟ್ಟರು.

ಯಜಮಾನ ಸ್ವಲ್ಪ ದಿನ 'ಗುರುತಿನ ಚೀಟಿ ಕಡ್ಡಾಯ' ಎಂದು ಬೋರ್ಡು ತೂಗುಹಾಕಿದ. ಗಿರಾಕಿಗಳು ಎದುರಂಗಡಿಗೆ ಹೊರಳಿದ್ದೇ ತಡ, ಬೋರ್ಡು ಇಳಿಯಿತು. "ಹೊಸ ಗಾಜು ಹಾಕಿಸಿದ್ದೀನಿ, ಬನ್ನಿ. ಒಂದೇ ಒಂದು ಮಾತು, ಕೇಳೋದು ಬೇಡ" ಎಂದ. ಅವಳು ಹೋಗಲಿಲ್ಲ.

ಮೂರನೇ ಬೀದಿಯ ಔಷಧಿ ಅಂಗಡಿಯಲ್ಲಿ ಕೆಲಸ ಖಾಲಿ ಇದೆ ಎಂದು ಮೆಕ್ಯಾನಿಕ್ಕು ಹೇಳಿದ. ಅಲ್ಲಿನ ಮಾಲೀಕ ಅವಳ ಹಣೆಯ ಗಾಯದ ಗುರುತು ನೋಡಿ, ಕನ್ನಡಕ ಏರಿಸಿಕೊಂಡು ಕೇಳಿದ:

"ಆ ಇಸ್ತ್ರಿಪೆಟ್ಟಿಗೆಯವರು ನೀವೇ ಅಲ್ವಾ?"

"ನಾನೇ."

"ಇಲ್ಲಿ ಹೊಡೆದಾಟ ಆಗ್ಬಾರ್ದು."

"ನನ್ನ ಕಡೆಯಿಂದ ಆಗಲ್ಲ. ಆದ್ರೆ ಕಾರ್ಡು ಯಾರದು ಅಂತ ಕೇಳೋದು ಬಿಡಲ್ಲ. ಈಗಲೇ ಹೇಳಿದ್ದೀನಿ."

ಮಾಲೀಕ ಗಲ್ಲ ಕೆರೆದುಕೊಂಡ. ಆಮೇಲೆ ಸ್ಟೂಲೊಂದನ್ನು ಅವಳ ಕಡೆ ತಳ್ಳಿ, ಜ್ವರದ ಮಾತ್ರೆ ಎಲ್ಲಿ, ಕೆಮ್ಮಿನ ಸಿರಪ್ಪು ಎಲ್ಲಿ ಎಂದು ತೋರಿಸತೊಡಗಿದ.