ಹಲ್ಲಕ್ಕ ಸಾಕಿದ ಗುಮ್ಮ

ಹಲ್ಲು ಕಟ್ಟುವವಳನ್ನು ಜನ ಹಲ್ಲಕ್ಕ ಅನ್ನದೆ ಇನ್ನೇನು ಅಂದಾರು? ನಾಲ್ಕು ಮಹಡಿಯ ಕಟ್ಟಡದ ಕೆಳಗಡೆ ಅವಳಿಗೆ ಎರಡು ಕೋಣೆ. ಮುಂದಿನದರಲ್ಲಿ ಸಂಸಾರ, ಅಂದರೆ ಒಂದು ಮಂಚ, ಒಂದು ಸ್ಟೌವ್ ಮತ್ತು ಅವಳು. ಹಿಂದಿನದರಲ್ಲಿ ಕೆಲಸ. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅವಳು ಅದಕ್ಕೆ ಪ್ಲಾಸ್ಟರ್ ಹೊಯ್ದು ಒಣಗಿಸಿ, ಆ ಬಿಳಿ ದವಡೆಗೆ ಹೊಂದುವ ಹಲ್ಲು ಮಾಡಿಕೊಡುತ್ತಿದ್ದಳು. ಕೆಲಸ ಮುಗಿದ ದವಡೆಗಳನ್ನು ಎಸೆಯದೆ, ನಂಬರ್ ಬರೆದ ರಟ್ಟಿನ ಡಬ್ಬಿಗಳಲ್ಲಿ ಗೋಡೆಯುದ್ದಕ್ಕೂ ಜೋಡಿಸಿಟ್ಟಿದ್ದಳು. ಮೂವತ್ತು ವರ್ಷದಲ್ಲಿ ಆ ಬೀದಿಯ ಅರ್ಧ ಬಾಯಿಗಳು ಅಲ್ಲಿಗೆ ಬಂದು ಸೇರಿದ್ದವು. ಮುಖ ಮರೆತಾಳು, ಹಲ್ಲು ಮರೆಯುವವಳಲ್ಲ.

ನಾಯಿಯನ್ನು ಆರಿಸಿದ್ದೂ ಹಲ್ಲು ನೋಡಿಯೇ. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ. ಇವಳು ಎಣಿಸಿದಳು. ಯಾರಿಗೂ ಬೇಡವಾದ ನಾಯಿಗಳನ್ನು ಇಟ್ಟುಕೊಳ್ಳುವ ಆಶ್ರಯಕ್ಕೆ ಒಂದು ಪುಟ್ಟ ಮರಿ ತರಲೆಂದು ಹೋಗಿದ್ದಳು. ಕೊನೆಯ ಬೋನಿನಲ್ಲಿ ಒಂದು ಪಿಟ್‌ಬುಲ್ ಗೋಡೆಗೆ ಮುಖ ಮಾಡಿ ಕೂತಿತ್ತು. ಬೂದು ಬಣ್ಣ, ಕೊಡದಂಥ ತಲೆ, ಹರಿದ ಕಿವಿ. ನಾಲ್ಕು ತಿಂಗಳಿಂದ ಯಾರೂ ಒಯ್ದಿರಲಿಲ್ಲ. ಮುಂದಿನ ವಾರ ಸೂಜಿ ಹಾಕಿ ಮುಗಿಸುವುದೆಂದು ತೀರ್ಮಾನವಾಗಿತ್ತು.

"ಅಮ್ಮಾ, ಕೈ ಹಾಕ್ಬೇಡಿ! ಆ ಜಾತಿ ಹಿಡಿದ್ರೆ ಬಿಡಲ್ಲ," ಎಂದ ಕಾವಲಿನವನು.

ಅಷ್ಟರಲ್ಲಿ ಇವಳು ಕೈ ಹಾಕಿ ಅದರ ತುಟಿ ಎತ್ತಿ ನೋಡಿಯಾಗಿತ್ತು. ಬೋನಿನ ಸರಳು ಕಡಿದು ಕಡಿದು ನಾಲ್ಕೂ ಕೋರೆಹಲ್ಲು ಸವೆದು ಮೊಂಡಾಗಿದ್ದವು. ನಾಯಿ ಕಣ್ಣು ಮುಚ್ಚಿಕೊಂಡು ನಡುಗುತ್ತ ನಿಂತಿತ್ತು.

"ಇವನು ಹಿಡಿಯೋದು ಯಾವುದ್ರಲ್ಲಿ, ಒಸಡಿನಲ್ಲಾ?" ಎಂದಳು ಹಲ್ಲಕ್ಕ. ಜನ ಹೇಗೂ ಹೆದರುತ್ತಾರೆ, ಹೆಸರಾದರೂ ಒಪ್ಪಲಿ ಎಂದು ಅವನಿಗೆ ಗುಮ್ಮ ಎಂದು ಹೆಸರಿಟ್ಟು ಮನೆಗೆ ತಂದಳು.

ಜನ ಹೆದರಿದರು. ಎದುರು ಮನೆಯವರು ಮಾತು ಬಿಟ್ಟರು. ಬಾಗಿಲಡಿ ಚೀಟಿಗಳು ಬಂದವು, ಮೊದಲು ಸಹಿ ಇದ್ದವು, ಆಮೇಲೆ ಇಲ್ಲದವು. ಒಂದು ಬೆಳಿಗ್ಗೆ ಹೊಸ್ತಿಲ ಹತ್ತಿರ ಮಾಂಸದ ತುಂಡೊಂದು ಬಿದ್ದಿತ್ತು. ಅದರ ಸೀಳಿನೊಳಗೆ ನೀಲಿ ಕಾಳು ತುಂಬಿದ್ದರು. ಇಲಿ ಪಾಷಾಣ. ಹಲ್ಲಕ್ಕ ಅದನ್ನು ಕಾಗದದಲ್ಲಿ ಸುತ್ತಿ ಎಸೆದು, ಕೈ ಮೂರು ಸಲ ತೊಳೆದಳು. ಆ ದಿನದಿಂದ ಗುಮ್ಮನನ್ನು ಒಬ್ಬನೇ ಅಂಗಳಕ್ಕೂ ಬಿಡಲಿಲ್ಲ.

ಹೆದರದವಳು ಒಬ್ಬಳೇ, ಮೂರನೇ ಮಹಡಿಯ ಪುಟ್ಟಿ. ಏಳು ವರ್ಷದ ಹುಡುಗಿ, ತಾಯಿ ತೀರಿಕೊಂಡು ಎರಡು ವರ್ಷ. ಅಪ್ಪ ಕಟ್ಟಡದ ಸಂಘದ ಸೆಕ್ರೆಟರಿ. ಇಸ್ತ್ರಿ ಮಾಡಿದ ಶರ್ಟು, ಇಸ್ತ್ರಿ ಮಾಡಿದಂಥದೇ ಮಾತು. ಒಬ್ಬನೇ ಮಗಳನ್ನು ಸಾಕುತ್ತಿದ್ದಾನಲ್ಲ ಎಂದು ಹೆಂಗಸರೆಲ್ಲ ಅವನನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದರು. ಪುಟ್ಟಿ ಶಾಲೆ ಬಿಟ್ಟವಳು ನೇರ ಹಲ್ಲಕ್ಕನ ಮನೆಗೆ ಬಂದು, ಗುಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಪಾಠ ಓದುತ್ತಿದ್ದಳು.

"ಹಲ್ಲತ್ತೆ, ಇವನಿಗೆ ಮಗ್ಗಿ ಬರುತ್ತೆ. ಹೇಳಲ್ಲ ಅಷ್ಟೆ," ಎನ್ನುತ್ತಿದ್ದಳು.

ಮೆಟ್ಟಿಲಲ್ಲಿ ಅಪ್ಪನ ಬೂಟಿನ ಸದ್ದಾದರೆ ಹುಡುಗಿ ಓದು ನಿಲ್ಲಿಸುತ್ತಿದ್ದಳು, ನಾಯಿ ಎದ್ದು ಬಾಗಿಲಿಗೆ ಅಡ್ಡ ನಿಂತು ಗುರ್ ಎನ್ನುತ್ತಿತ್ತು. ಸೆಕ್ರೆಟರಿಯಂಥ ದೇವರಂಥ ಮನುಷ್ಯನನ್ನೂ ಕಂಡರಾಗದ ನಾಯಿ ಎಂದು ಜನ ಅದಕ್ಕೂ ಬೈದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ, ಅವರಿಗೆ ಏನು ಹೇಳುವುದು!

ಒಂದು ಶುಕ್ರವಾರ ಪುಟ್ಟಿ ಬರಲಿಲ್ಲ. ಶನಿವಾರ ನೋಟಿಸ್ ಬೋರ್ಡಿನಲ್ಲಿ ಕಾಗದ ಬಿತ್ತು: ನೆಲಮಹಡಿಯ ನಾಯಿ ಮಗುವಿನ ಕೈ ಕಚ್ಚಿದೆ, ಭಾನುವಾರ ಸಂಜೆ ಸಭೆ, ಸೋಮವಾರ ನಾಯಿ ಹಿಡಿಯುವ ವ್ಯಾನ್. ಹಿಡಿದೊಯ್ದ ಮೇಲೆ ಏನೆಂದು ಕಾಗದದಲ್ಲಿ ಇರಲಿಲ್ಲ. ಕಚ್ಚಿದ ಪಿಟ್‌ಬುಲ್ಲಿಗೆ ಆಮೇಲೇನು ಅನ್ನುವುದು ಹಲ್ಲಕ್ಕನಿಗೆ ಗೊತ್ತಿತ್ತು.

ಭಾನುವಾರ ಮಧ್ಯಾಹ್ನ ಅಪ್ಪ ಸಭೆಗೆ ಕುರ್ಚಿ ಹಾಕಿಸುತ್ತಿದ್ದಾಗ ಪುಟ್ಟಿ ಕಳ್ಳಹೆಜ್ಜೆಯಲ್ಲಿ ಇಳಿದು ಬಂದಳು. ಮೊಣಕೈ ಕೆಳಗೆ ಬ್ಯಾಂಡೇಜು. ಗುಮ್ಮ ಅದನ್ನು ಮೂಸಿ, ನೆಕ್ಕಿ, ಅವಳ ಕಾಲ ಬಳಿ ಕೂತ.

"ಯಾವ ನಾಯಿ ಕಚ್ತು, ಚಿನ್ನಾ?"

"ನಾಯಿ ಅಂತ ಹೇಳ್ಬೇಕು," ಎಂದಳು ಪುಟ್ಟಿ.

ಹಲ್ಲಕ್ಕ ಬ್ಯಾಂಡೇಜು ಬಿಚ್ಚಿದಳು. ಸೀಳಿಲ್ಲ, ತೂತಿಲ್ಲ. ಎದುರುಬದುರು ಎರಡು ಕಮಾನು, ನೀಲಿಗಟ್ಟಿದ ಹಲ್ಲುಗುರುತು. ಮನುಷ್ಯರ ದವಡೆ, ದೊಡ್ಡವರದು. ಮೇಲಿನ ಸಾಲಿನಲ್ಲಿ ಮುಂದಿನ ಎಡ ಹಲ್ಲು ಕೂದಲೆಳೆಯಷ್ಟು ಓರೆ. ಆ ಓರೆಯನ್ನು ಮಾಡಿದವಳು ಅವಳೇ. ಬೈಕಿನಿಂದ ಬಿದ್ದು ಹಲ್ಲು ಮುರಿದುಕೊಂಡಿದ್ದ ಸೆಕ್ರೆಟರಿಗೆ, ಪಕ್ಕದ ಹಲ್ಲಿನ ಸೊಟ್ಟಕ್ಕೆ ಹೊಂದಲಿ ಎಂದು, ಅರ್ಧ ದಿನ ಕೂತು ಉಜ್ಜಿ ಕೂರಿಸಿದ ಹಲ್ಲು. ತನ್ನ ಕೈಕೆಲಸ ಈಗ ಮಗುವಿನ ಮೈಮೇಲಿತ್ತು.

ಮಗುವನ್ನು ಗುಮ್ಮನ ಹತ್ತಿರ ಕೂರಿಸಿ, ಡಬ್ಬಿ ಹುಡುಕಿ ತೆಗೆದು, ಸೆಕ್ರೆಟರಿಯನ್ನು ಮೆಟ್ಟಿಲ ಕೆಳಗೆ ಕರೆದು ದವಡೆ ತೋರಿಸಿದಳು.

"ಇದು ನಿಮ್ಮದು. ಪುಟ್ಟಿ ಕೈ ಮೇಲಿರೋದೂ ನಿಮ್ಮದೇ. ಸಭೆಯಲ್ಲಿ ಎರಡನ್ನೂ ಪಕ್ಕಪಕ್ಕ ಇಡ್ತೀನಿ."

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಏನೋ ಕೋಪದಲ್ಲಿ ಆಗ್ಹೋಯ್ತು, ಹಲ್ಲಕ್ಕ. ಹೆಂಡತಿ ಇಲ್ಲದ ಮನೆ, ನಿಮಗೆ ಗೊತ್ತಲ್ಲ. ಇನ್ನು ಆಗಲ್ಲ. ಈಗ ನಿಮಗೇನು ಬೇಕು, ಹೇಳಿ."

"ನನ್ನ ನಾಯಿ," ಎಂದುಬಿಟ್ಟಳು ಹಲ್ಲಕ್ಕ.

ಅಷ್ಟೇ ಕೇಳಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟವರು ಹೀಗೇ ಕೇಳುವುದು. ಹಲ್ಲು ಹೊಂದಿತೋ, ಕೆಲಸ ಮುಗಿಯಿತು ಅನ್ನುವುದು ಅವಳ ಕಸುಬಿನ ರೂಢಿ. ಮೂವತ್ತು ವರ್ಷ ಬರೀ ಬಾಯಿಗಳನ್ನು ನೋಡಿದವಳು, ಆ ಬಾಯಿ ಯಾವ ಮನೆಗೆ ವಾಪಸು ಹೋಗುತ್ತದೆ ಎಂದು ಯಾವತ್ತೂ ಕೇಳಿದವಳಲ್ಲ.

ಸಂಜೆ ಸೆಕ್ರೆಟರಿ ಎದ್ದು ನಿಂತು, ಕಚ್ಚಿದ್ದು ಬೀದಿನಾಯಿಯಂತೆ, ಮಗು ಹೆದರಿ ತಪ್ಪು ಹೇಳಿತು, ಹಲ್ಲಕ್ಕನವರಲ್ಲಿ ಕ್ಷಮೆ ಕೇಳುತ್ತೇನೆ ಎಂದ. ಎಂಥ ದೊಡ್ಡ ಮನಸ್ಸು ಎಂದು ಜನ ಚಪ್ಪಾಳೆ ತಟ್ಟಿದರು. ಹಲ್ಲಕ್ಕನೂ ತಟ್ಟಿದಳು. ಎಲ್ಲರೂ ತಟ್ಟುವಾಗ ಕೈ ಕಟ್ಟಿ ಕೂರಲು ಆಗಲಿಲ್ಲ. ಸೋಮವಾರ ವ್ಯಾನ್ ಬರಲಿಲ್ಲ. ಗುಮ್ಮನಿಗೆ ಎರಡು ಮೊಟ್ಟೆ ಬೇಯಿಸಿ ಹಾಕಿದಳು. ಅವನು ತಿನ್ನದೆ ಬಾಗಿಲ ಕಡೆ ನೋಡುತ್ತ ಕೂತ.

ಪುಟ್ಟಿ ಬರಲಿಲ್ಲ. ಒಂದು ವಾರ ಹೋಯಿತು, ಎರಡನೆಯದೂ ಹೋಗುತ್ತ ಬಂತು. ಶಾಲೆಯಿಂದ ನೇರ ಮೇಲಕ್ಕೆ ಹತ್ತಿಹೋಗುವ ಚಪ್ಪಲಿ ಸದ್ದು ಮಾತ್ರ ಕೇಳುತ್ತಿತ್ತು. ಅಭ್ಯಾಸ ತಪ್ಪಿದೆ, ಮಕ್ಕಳಲ್ಲವೇ ಎಂದು ಹಲ್ಲಕ್ಕ ತನಗೆ ತಾನೇ ಹೇಳಿಕೊಂಡಳು. ದಿನಕ್ಕೆ ನಾಲ್ಕು ಸಲ ಹೇಳಿಕೊಳ್ಳಬೇಕಾಗುತ್ತಿತ್ತು.

ಹನ್ನೆರಡನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಗುಮ್ಮ ಬಾಗಿಲು ಪರಚಿದ. ತೆಗೆದರೆ ಪುಟ್ಟಿ ನಿಂತಿದ್ದಳು. ಸೆಕೆಯಲ್ಲಿ ಕುತ್ತಿಗೆವರೆಗೆ ಗುಂಡಿ ಹಾಕಿದ ತುಂಬುತೋಳಿನ ಅಂಗಿ. ಬಲಗೈಯ ಎರಡು ಬೆರಳಿಗೆ ಪಟ್ಟಿ ಸುತ್ತಿತ್ತು.

"ಇದೇನೇ ಪುಟ್ಟಿ?"

"ಈ ಸಲ ಬಾಗಿಲು ಅಂತ ಹೇಳ್ಬೇಕಂತೆ," ಎಂದಳು ಪುಟ್ಟಿ, ಎಡಗೈಯಲ್ಲಿ ಗುಮ್ಮನ ಕಿವಿ ಸವರುತ್ತ. "ನಾಯಿ ಅನ್ನಬಾರ್ದಂತೆ. ನಾಯಿ ಅಂದ್ರೆ ಹಲ್ಲತ್ತೆ ಬೇಜಾರು ಮಾಡ್ಕೋತಾರೆ, ಬಾಗಿಲು ಅಂದ್ರೆ ಏನೂ ಅನ್ನಲ್ಲ ಅಂದ್ರು ಅಪ್ಪ."

ನಾಚಿಕೆ ಅಂದರೆ ಏನೆಂದು ಐವತ್ತೆಂಟು ವರ್ಷಕ್ಕೆ ಹಲ್ಲಕ್ಕನಿಗೆ ತಿಳಿಯಿತು. ನಾಯಿಯ ಪ್ರಾಣಕ್ಕೆ ಈ ಮಗುವನ್ನು ಕೊಟ್ಟು ಬಂದಿದ್ದಳು, ಚಪ್ಪಾಳೆಯನ್ನೂ ತಟ್ಟಿದ್ದಳು. ಮಗುವನ್ನು ಒಳಗೆಳೆದುಕೊಂಡು ಮೇಲಿನದು, ಕೆಳಗಿನದು, ಎರಡೂ ಚಿಲಕ ಹಾಕಿದಳು. ಪೊಲೀಸರಿಗೆ ಫೋನು ಮಾಡಿ, ಮೊದಲಿನಿಂದ ಕೊನೆವರೆಗೆ ಹೇಳಿದಳು.

ಫೋನು ಇಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ಬೂಟಿನ ಸದ್ದು ಮೂರು ಮಹಡಿ ಇಳಿದು ಬಂದು ಬಾಗಿಲಾಚೆ ನಿಂತಿತು. ಮೆಲ್ಲಗೆ ಎರಡು ಸಲ ಬಡಿದ. ಪುಟ್ಟಿ ಕೆಲಸದ ಮೇಜಿನ ಕೆಳಗೆ ಹೋಗಿ ಕೂತಳು. ಗುಮ್ಮ ಅವಳ ಮುಂದೆ.

"ಹಲ್ಲಕ್ಕ," ಎಂದ ಸೆಕ್ರೆಟರಿ, ಸಭೆಯಲ್ಲಿ ಆಡುವ ಅದೇ ದನಿಯಲ್ಲಿ. "ನಮ್ಮ ನಮ್ಮಲ್ಲಿ ಒಂದು ಮಾತು ಆಗಿತ್ತಲ್ಲ? ವ್ಯಾನ್ ಕರೆಸೋದು ನನಗೆ ಒಂದು ಫೋನಿನ ಕೆಲಸ. ಮಾತು ನೆನಪಿದೆ ತಾನೆ?"

"ನೆನಪಿದೆ," ಎಂದಳು ಹಲ್ಲಕ್ಕ ಬಾಗಿಲಿಗೆ ಬೆನ್ನು ಕೊಟ್ಟು. "ಪೊಲೀಸರಿಗೆ ಅದನ್ನೇ ಮೊದಲು ಹೇಳಿದೆ."